ಸೊಪ್ಪಿನ ಬುಟ್ಟಿ

ನಾವು ವಾಸಿಸುವುದು ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡಿನಲ್ಲಿ. ಆಂಗ್ಲೋ-ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡಿರಲೆಂದು ಮೈಸೂರಿನ ಮಹಾರಾಜ ಚಾಮರಾಜ ಒಡೆಯರವರು 1882ರಲ್ಲಿ ಭೂಮಿಯನ್ನು ದಯಪಾಲಿಸಿದುದರಿಂದ ಹುಟ್ಟಿದ ಊರಿದು. ಈಗ ಇಲ್ಲಿ ಹೊಲಗಳಿಗಿಂತ ಕಂಪ್ಯೂಟರ್ ಕಚೇರಿಗಳೇ ಹೆಚ್ಚು. ಆದರೂ ಹೊಸಕೋಟೆ, ಮಾಲೂರುಗಳ ಕಡೆ ಸಣ್ಣ ತೋಟಗಳು ಇನ್ನೂ ಉಳಿದಿವೆ.

2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ಸಂತೆ ಪೇಟೆಗಳಿಗೆ ಅಡ್ಡಿಯಾದಾಗ, ಆ ಕಡೆಯ ರೈತರೊಬ್ಬರು ನಮ್ಮ ವಠಾರದ ಬಾಗಿಲಿಗೆ ಕಾಯಿಪಲ್ಯ ತಂದರು. ಅದೇ ಮುಂದೆ ಒಂದು ಏರ್ಪಾಡಾಯಿತು. ಹಲವು ಮನೆಯವರು ಸೇರಿ ತಿಂಗಳ ಹಣವನ್ನು ಮುಂಗಡವಾಗಿ ಕೊಡುವುದು, ಅವರು ಬೆಳೆದುದನ್ನು ವಾರಕ್ಕೊಂದಾವರ್ತಿ ಬುಟ್ಟಿಗಳಲ್ಲಿ ಹಂಚುವುದು. ಮಳೆ ಹದವಾದರೆ ಬುಟ್ಟಿ ಭಾರ, ಕೆಟ್ಟರೆ ಹಗುರ. ಜಪಾನಿನಲ್ಲಿ 1970ರ ದಶಕದಿಂದಲೂ, ಅಮೆರಿಕದಲ್ಲಿ 1986ರಿಂದಲೂ ಇಂಥ ಪದ್ಧತಿ ಉಂಟೆಂದು ನಮಗೆ ಬಳಿಕ ತಿಳಿಯಿತು.

ಎರಡು ವರ್ಷಗಳ ಮೇಲೆ ಮತ್ತೊಂದು ತೋಟದವರು ಬಂದರು. ಅವರ ಬುಟ್ಟಿಗೆ ಐವತ್ತು ರೂಪಾಯಿ ಕಡಿಮೆ. ಹೇಳಲು ನಾಚಿಕೆಯಾಗುತ್ತದೆ, ನಾವು ಅತ್ತ ತಿರುಗಿದೆವು; ನೆರೆಹೊರೆಯವರೂ ತಿರುಗಿದರು. ಮೊದಲಿನವರು ಬೆಲೆಯನ್ನು ತಗ್ಗಿಸಿದರು, ಎರಡನೆಯವರು ಮತ್ತಷ್ಟು ತಗ್ಗಿಸಿದರು. ನಾವು ಉಳಿತಾಯದ ಲೆಕ್ಕ ಬರೆದು ಹಿಗ್ಗಿದೆವು. ಮನೆಯ ಅಜ್ಜಿ ಮಾತ್ರ, “ಇಬ್ಬರು ಬಡವರನ್ನು ಪೈಪೋಟಿಗೆ ಬಿಟ್ಟು ತಿನ್ನುವ ಸೊಪ್ಪು ಮೈಗೆ ಹತ್ತೀತೆ?” ಎಂದರು. ನಾವು ನಕ್ಕು ಸುಮ್ಮನಾದೆವು.

2024ರ ಬೇಸಗೆಯಲ್ಲಿ ಎರಡನೆಯವರ ಕೊಳವೆಬಾವಿ ಬತ್ತಿತು. ಇನ್ನೊಂದನ್ನು ಕೊರೆಸಲು ಅವರ ಕೈಯಲ್ಲಿ ಹಣವಿರಲಿಲ್ಲ. ಅದು ನಮ್ಮ ಉಳಿತಾಯದ ಪುಸ್ತಕದಲ್ಲಿತ್ತು! ಬುಟ್ಟಿ ನಿಂತಿತು. ಮೋರೆ ತಗ್ಗಿಸಿಕೊಂಡು ಮೊದಲಿನವರ ತೋಟಕ್ಕೆ ಹೋದೆವು. ಅವರು ನಿಷ್ಠುರವಾಡಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟು, “ತಿನ್ನೋರೇ ಇಲ್ಲ ಅಂತ ಅರ್ಧ ಭೂಮಿಗೆ ಬೀಜಾನೇ ಹಾಕಿಲ್ಲ ಸ್ವಾಮಿ,” ಎಂದರು.

ದೊಡ್ಡ ವರ್ತಕನು ಒಂದು ಪದಾರ್ಥದಲ್ಲಿ ಕಳೆದುದನ್ನು ಇನ್ನೊಂದರಲ್ಲಿ ಗಳಿಸಿಕೊಂಡಾನು. ಎರಡೆಕರೆಯ ರೈತನು ಬೆಲೆಯನ್ನು ತಗ್ಗಿಸಿದರೆ ಅದು ಅವನ ಮನೆಯವರ ಕೂಲಿಯಿಂದಲೇ ಕಳೆಯುವುದಲ್ಲದೆ ಬೇರೆ ದಾರಿಯಿಲ್ಲ. ಈ ಸೀಮೆಯ ಬೆಳೆಗಾರರು ಇದನ್ನು ಹಿಂದೆಯೇ ಅರಿತಿದ್ದರು. ಇಂದಿನ ಹಾಪ್‌ಕಾಮ್ಸ್ ಸಂಸ್ಥೆಯು 1959ರಲ್ಲಿ ಡಾ. ಮರಿಗೌಡರ ಪ್ರಯತ್ನದಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದುದು ಬೆಳೆಗಾರರು ಕೂಡಿ ಮಾರಬೇಕೆಂದೇ ಅಲ್ಲವೆ?

ಮಳೆ ಬಿದ್ದು ಬಾವಿಯಲ್ಲಿ ನೀರು ಕಂಡ ಮೇಲೆ ಇಬ್ಬರನ್ನೂ ವಠಾರಕ್ಕೆ ಕರೆಸಿದೆವು. ಒಬ್ಬರು ಸೊಪ್ಪು, ಮೂಲಂಗಿ. ಇನ್ನೊಬ್ಬರು ಬದನೆ, ಅವರೆ, ಹುರುಳಿಕಾಯಿ. ಬುಟ್ಟಿ ಒಂದೇ, ಬೆಲೆ ಹಿಂದಿನದೇ ಎಂದು ಗೊತ್ತಾಯಿತು. ಬುಟ್ಟಿ ಹಗುರವಾದ ವಾರ ಯಾರೂ ಗೊಣಗಬಾರದೆಂಬುದು ನಾವೇ ಹಾಕಿಕೊಂಡ ನಿಯಮ. ಇದನ್ನು ಪಾಲಿಸುವುದು ಸುಲಭವಲ್ಲವೆಂದು ವಾಚಕರಲ್ಲಿ ಒಪ್ಪಿಕೊಳ್ಳುತ್ತೇವೆ.

ಆ ಮಾಗಿಯಲ್ಲಿ ಸಬ್ಬಸಿಗೆ ಸೊಪ್ಪೂ ಸೊಗಡಿನ ಅವರೆಯೂ ಒಂದೇ ಬುಟ್ಟಿಯಲ್ಲಿ ಬಂದವು. ಅಜ್ಜಿ ಮಾತಿಲ್ಲದೆ ಮೊರವನ್ನೆಳೆದುಕೊಂಡು ಅವರೆ ಸುಲಿಯಲು ಕುಳಿತರು.