ಐವತ್ತರ ಮೇಲೆ ಪಾಠಕ್ಕೆ ಕುಳಿತಾಗ

ವಿದ್ಯೆಗೆ ವಯಸ್ಸಿನ ಕಟ್ಟಳೆಯಿಲ್ಲವೆಂದು ಸಭೆಗಳಲ್ಲಿ ನಾವು ಹೇಳುತ್ತ ಬಂದಿದ್ದೇವೆ. ತಾವೂ ಕೇಳಿ ತಲೆದೂಗಿದ್ದೀರಿ. ಹಾಗೆಂದು ಹೇಳುವುದು ಸುಲಭ. ಐವತ್ತು ದಾಟಿದ ಮೇಲೆ ಪುನಃ ವಿದ್ಯಾರ್ಥಿಯಾಗಿ ಕುಳಿತುಕೊಳ್ಳುವುದು ಸುಲಭವಲ್ಲ. ಭಾಷಾವಿಜ್ಞಾನದ 12 ವಾರಗಳ ಪಾಠಕ್ರಮವೊಂದನ್ನು ಈಚೆಗೆ ‘ಸ್ವಯಂ’ ಅಂತರ್ಜಾಲ ವ್ಯವಸ್ಥೆಯ ಮೂಲಕ ಓದಿ ಮುಗಿಸಿದೆವು. ಅರ್ಧಕ್ಕೆ ಓದು ನಿಲ್ಲಿಸಿ ಸಂಸಾರಕ್ಕೂ ನೌಕರಿಗೂ ನಿಂತ ನಮ್ಮ ಹಳೆಯ ವಿದ್ಯಾರ್ಥಿಗಳ ಸಲುವಾಗಿ ಇದನ್ನು ಬರೆಯುತ್ತಿದ್ದೇವೆ.

ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಪಾಠಕ್ಕೆ ನಾಲ್ಕು ಅಂಗಗಳು: ವಿಡಿಯೊ ಉಪನ್ಯಾಸ, ಓದುವ ಸಾಮಗ್ರಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂದೇಹ ಕೇಳುವ ಚರ್ಚಾವೇದಿಕೆ. ಸೇರುವುದಕ್ಕೆ ಶುಲ್ಕವಿಲ್ಲ, ಪ್ರಮಾಣಪತ್ರ ಬೇಕಾದವರು ಪರೀಕ್ಷಾಶುಲ್ಕ ತೆತ್ತು ಗೊತ್ತಾದ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಯಂತ್ರದ ಅಭ್ಯಾಸಕ್ಕೆ ನಮಗೆ ಹತ್ತು ದಿನ ಸಾಕಾಯಿತು. ಫೋನಿನಲ್ಲಿ ಹಣ ಕಳುಹಿಸುವ ಕೈಗೆ ಅದೇನೂ ದೊಡ್ಡದಲ್ಲ.

ಕಷ್ಟವಿರುವುದು ಬೇರೆಡೆ. ಪಾಠಶಾಲೆಯಲ್ಲಿ ವ್ಯಾಕರಣ ಓದುವಾಗ ಶಾಸ್ತ್ರಿಗಳು ನಮ್ಮ ಮುಖ ನೋಡಿಯೇ ಸೂತ್ರ ತಲೆಗೆ ಹೋಯಿತೋ ಇಲ್ಲವೋ ಎಂಬುದನ್ನು ಅರಿಯುತ್ತಿದ್ದರು. ವಿಶ್ವವಿದ್ಯಾಲಯದ ಹಿಂದಿನ ಬೆಂಚಿನಲ್ಲಿ ಪಕ್ಕದವನ ಟಿಪ್ಪಣಿಯಾದರೂ ಇರುತ್ತಿತ್ತು. ಪರದೆಯ ಮೇಲಿನ ಗುರುಗಳು ನಮ್ಮನ್ನು ಕಾಣಲಾರರು. ಅವರನ್ನು ಮಾತಿನ ನಡುವೆ ತಡೆಯಬಹುದು, ಒಂದೇ ಮಾತನ್ನು ಹತ್ತು ಸಲ ಹೇಳಿಸಬಹುದು, ಬೇಸರಪಡುವುದಿಲ್ಲ. (ಶಾಸ್ತ್ರಿಗಳು ಮೂರನೆಯ ಸಲಕ್ಕೆ ಗದರುತ್ತಿದ್ದರು, ಆ ಗದರಿಕೆಗೂ ಪ್ರಯೋಜನವಿತ್ತೆಂದು ಈಗ ತೋರುತ್ತದೆ.) ತರುಣರು ಉಪನ್ಯಾಸವನ್ನು ಇಮ್ಮಡಿ ವೇಗದಲ್ಲಿ ಕೇಳುತ್ತಾರೆ. ನಮಗದು ಒಗ್ಗಲಿಲ್ಲ. ಉಪನ್ಯಾಸದ ಬರಹರೂಪವನ್ನು ಮೊದಲು ಓದಿ, ಬಳಿಕ ಕೇಳಿ, ಕೈಯಾರೆ ಟಿಪ್ಪಣಿ ಬರೆದಾಗಲೇ ವಿಷಯ ಮನಸ್ಸಿನಲ್ಲಿ ನಿಂತಿತು.

ಇಷ್ಟಾದರೂ ಹಿರಿಯ ವಿದ್ಯಾರ್ಥಿಯನ್ನು ಓದಿನಿಂದ ಎಬ್ಬಿಸುವುದು ಹೆಚ್ಚಾಗಿ ಸಂಕೋಚ. ನಮ್ಮ ಪ್ರಸಾದನಿಲಯದಲ್ಲಿ ಓದಿ, ಈಗ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಭಕ್ತರೊಬ್ಬರು 47ನೆಯ ವಯಸ್ಸಿನಲ್ಲಿ ಲೆಕ್ಕಶಾಸ್ತ್ರದ ಪಾಠಕ್ರಮಕ್ಕೆ ಸೇರಿದರು. ಮನೆಯಲ್ಲಿರುವುದು ಒಂದೇ ಫೋನು. ಸಂಜೆಯಾದರೆ ಅದು ಕಾಲೇಜಿನ ಮಗಳ ಪಾಲು. ತಾಯಿಯವರ ಕಾಯಿಲೆಯಲ್ಲಿ ಎರಡು ವಾರಗಳ ಅಭ್ಯಾಸಗಳು ತಪ್ಪಿಹೋದವು. “ಬುದ್ಧೀ, ಇದು ನಮ್ಮಂಥವರ ಕೈಲಿ ಆಗೋದಲ್ಲ, ಬಿಟ್ಟುಬಿಡ್ತೀನಿ” ಎಂದು ಬಂದು ಕುಳಿತರು. ಚರ್ಚಾವೇದಿಕೆಯಲ್ಲಿ ಸಂದೇಹ ಕೇಳಿದಿರಾ ಎಂದರೆ, ಮಗಳ ವಯಸ್ಸಿನವರೆದುರು ಹೇಗೆ ಕೇಳುವುದೆಂದು ತಲೆ ತಗ್ಗಿಸಿದರು.

ನಿಯಮಾವಳಿಯನ್ನು ಅವರ ಮುಂದೆ ತೆರೆದಿಟ್ಟೆವು. ‘ಸ್ವಯಂ’ನಲ್ಲಿ ಐಐಟಿಗಳು ಎನ್‌ಪಿಟಿಇಎಲ್ ಹೆಸರಿನಿಂದ ನಡೆಸುವ ಈ ಬಗೆಯ 12 ವಾರಗಳ ಪಾಠಕ್ರಮದಲ್ಲಿ, ವಾರದ ಅಭ್ಯಾಸಗಳ ಪೈಕಿ ಹೆಚ್ಚು ಅಂಕ ಬಂದ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅವುಗಳಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ನಾಲ್ಕು ವಾರ ಕೈತಪ್ಪಿದರೂ ಬಾಗಿಲು ಮುಚ್ಚುವುದಿಲ್ಲ. ಮಠದ ಜಾತ್ರೆಯ ಕಾಲದಲ್ಲಿ ನಮಗೂ ಎರಡು ವಾರ ಹೋಗಿದ್ದವು. ಮದುವೆ, ಸಾವು, ಸುಗ್ಗಿಗಳನ್ನು ಇಪ್ಪತ್ತರ ಹುಡುಗ ಬದಿಗಿಟ್ಟು ಓದಿಯಾನು. ಗೃಹಸ್ಥನಿಗೆ ಅವನ್ನು ಬಿಟ್ಟು ದಿನಚರಿಯೇ ಇಲ್ಲ. ನಿಯಮ ರಚಿಸಿದವರು ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಉಪಕಾರವಂತೂ ಆಗಿದೆ.

ಫೋನಿನ ತೊಡಕಿಗೆ ಪ್ರಸಾದನಿಲಯದ ಗ್ರಂಥಾಲಯದಲ್ಲಿ ಒಂದು ಲ್ಯಾಪ್‌ಟಾಪ್ ಇರಿಸಿದೆವು. ಬೆಳಗಿನ 5ರಿಂದ 6.30ರವರೆಗೆ ಅವರು ಅಲ್ಲಿ ಕೂರತೊಡಗಿದರು. ಸವಕಳಿಯ ಲೆಕ್ಕದ ಬಗ್ಗೆ ವೇದಿಕೆಯಲ್ಲಿ ಅವರು ಹಾಕಿದ ಮೊದಲ ಪ್ರಶ್ನೆಯ ಕೆಳಗೆ, ತಮಗೂ ಅದೇ ಸಂದೇಹವಿತ್ತೆಂದು ಇಬ್ಬರು ಹುಡುಗರು ಬರೆದಿದ್ದರು. ಅದನ್ನು ನಮಗೆ ತಂದು ತೋರಿಸಿದರು. ಪರೀಕ್ಷೆ ಬರೆದು ಬಂದಿದ್ದಾರೆ, ಫಲಿತಾಂಶ ಇನ್ನೂ ಬರಬೇಕಾಗಿದೆ. ಈಗ ಆ ವೇಳೆಗೆ ಮೂವರು ಬರುತ್ತಾರೆ. ಹೊಸ ಪಾಠಕ್ರಮಗಳು ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ ಆರಂಭವಾಗುತ್ತವೆ. ಗ್ರಂಥಾಲಯದಲ್ಲಿ ಇನ್ನೂ ಇಬ್ಬರಿಗೆ ಸ್ಥಳವಿದೆ.