ನೂರು ಯೋಜನದ ಪಥ್ಯ

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕವನ್ನು ಇಂದಿನವರು ವಿಮಾನನಿಲ್ದಾಣದ ಹಾದಿಯಲ್ಲಿ ಕ್ಷಣಮಾತ್ರ ಕಂಡು ಮುಂದೆ ಸಾಗುವರು. ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರು ಈ ಯಲಹಂಕನಾಡಿನ ಪ್ರಭುಗಳೆಂಬುದು ಅವರ ಸ್ಮರಣೆಗೆ ಬರುವುದು ಅಪರೂಪ. ಈ ಊರಿನ ಹಳೆಯ ಪೇಟೆಯಲ್ಲಿ ಬಹುಕಾಲದಿಂದ ವಾಸವಾಗಿರುವ ನಾನೂ ಅರುವತ್ತನೆಯ ವಯಸ್ಸಿನವರೆಗೆ ಸುತ್ತಣ ನೆಲವನ್ನು ಕಾಲಿನಿಂದ ಅರಿತವನಲ್ಲ. ಹಾಗೆ ಅರಿಯುವಂತೆ ಮಾಡಿದುದು ಒಂದು ವ್ಯಾಧಿ.

ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ವರ್ಷವೇ ವೈದ್ಯರು ನನ್ನ ರಕ್ತವನ್ನು ಪರೀಕ್ಷಿಸಿ ಮಧುಮೇಹವಿದೆಯೆಂದರು. ಸಕ್ಕರೆ ಬೆಲ್ಲಗಳು ವರ್ಜ್ಯ, ಬಿಳಿಯ ಅನ್ನ ಮಿತ, ಬೆಳಿಗ್ಗೆ ಒಂದು ಮಾತ್ರೆ, ದಿನವೂ ನಡೆಯತಕ್ಕದ್ದು. ಇದೇ ಅವರ ಆಜ್ಞೆ. ಮನೆಗೆ ಬಂದವನೇ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವನ್ನು ತೆರೆದೆನು. ಪ್ರಮೇಹಿಯು ಧನಹೀನನಾದರೆ ಪಾದರಕ್ಷೆಯೂ ಕೊಡೆಯೂ ಇಲ್ಲದೆ, ಭಿಕ್ಷಾನ್ನವನ್ನುಂಡು, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ, ಮುನಿಯಂತೆ ಸಂಯಮಿಯಾಗಿ ನೂರು ಯೋಜನವನ್ನಾಗಲಿ ಅದಕ್ಕೂ ಮಿಗಿಲಾಗಿ ಆಗಲಿ ನಡೆಯಬೇಕೆಂದು ಅಲ್ಲಿ ವಿಧಿಸಿದೆ. ಧನಿಕನಿಗೆ ಶ್ಯಾಮಾಕ, ನೀವಾರಗಳೇ ಆಹಾರ. ನಮ್ಮ ಸಾಮೆ ಎಂಬ ಮಾತು ಶ್ಯಾಮಾಕದ ತದ್ಭವವೆಂದು ಎಣಿಸುವರು. ಸಾವಿರಾರು ವರ್ಷಗಳ ಹಿಂದಿನ ಆಚಾರ್ಯರೂ ನಮ್ಮ ಬೀದಿಯ ವೈದ್ಯರೂ ಒಂದೇ ಮಾತನ್ನು ಹೇಳುತ್ತಿರುವರಲ್ಲಾ ಎಂದು ನನಗೆ ಧೈರ್ಯವಾಯಿತು.

ಆ ಸಮಯಕ್ಕೆ ನನ್ನ ಹಳೆಯ ಶಿಷ್ಯನೊಬ್ಬನು ಸಿಕ್ಕಿದನು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಣ ಕಾಲುದಾರಿಗಳಲ್ಲಿ ಜರುಗುವ ಮಲ್ನಾಡ್ ಅಲ್ಟ್ರಾ ಎಂಬ ದೀರ್ಘ ಓಟದಲ್ಲಿ ೫೦ ಕಿಲೋಮೀಟರು ಓಡಲು ಅವನು ಅಭ್ಯಾಸ ಮಾಡುತ್ತಿದ್ದನು. “ಮೇಷ್ಟ್ರೇ, ನನ್ನ ಜೊತೆ ಬನ್ನಿ. ನಾನು ಓಡುತ್ತೇನೆ, ನೀವು ನಡೆಯಿರಿ. ಆಷಾಢದ ಕಡೆಯ ಸೋಮವಾರ ನಂದಿಗಿರಿ ಪ್ರದಕ್ಷಿಣೆ ಇದೆ. ಅದೇ ನಿಮ್ಮ ಪರೀಕ್ಷೆಯಾಗಲಿ” ಎಂದನು. ಮೂವತ್ತು ವರ್ಷ ಪರೀಕ್ಷೆ ನಡೆಸಿದವನಿಗೆ ಶಿಷ್ಯನು ಪರೀಕ್ಷೆಯನ್ನು ಗೊತ್ತುಮಾಡಿದನು! ನಾನು ಒಪ್ಪಿಕೊಂಡೆನು.

ಅಂದಿನಿಂದ ಬೆಳಗಿನ ಐದು ಗಂಟೆಗೆ ನಮ್ಮ ಸಂಚಾರ. ಮೊದಲು ಪುಟ್ಟೇನಹಳ್ಳಿ ಕೆರೆಯ ಸುತ್ತಮುತ್ತ. ಅಲ್ಲಿ ಹಕ್ಕಿಗಳ ಕಲಕಲವೇ ಸುಪ್ರಭಾತ. ಬಳಿಕ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಮರಗಳ ನೆರಳಿನ ಮಣ್ಣುದಾರಿಗಳು. ರಾಗಿ, ಸಾಮೆ, ನವಣೆಗಳ ತಳಿಗಳನ್ನು ವಿದ್ವಾಂಸರು ಅಭ್ಯಸಿಸುವ ಸ್ಥಳವದು. ಕೆಲವು ದಿನ ಹೆಬ್ಬಾಳದವರೆಗೂ ಹೋಗುವೆವು. ಅಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. ೭೫೦ರದು, ಕಾಳಗದಲ್ಲಿ ಮಡಿದ ಕಿಟ್ಟಯ್ಯನೆಂಬವನ ಸ್ಮಾರಕ. ಮೇಲುಸೇತುವೆಗಳ ಭೋರ್ಗರೆತದ ನಡುವೆ ನಿಂತು ಆ ವೀರನನ್ನು ನೆನೆದಾಗ ನನ್ನ ಮೊಣಕಾಲಿನ ನೋವು ಬಹಳ ಚಿಕ್ಕದೆನಿಸುವುದು.

ಪಥ್ಯದ ವಿಷಯವನ್ನು ಗೃಹಿಣಿಯರಿಗಾಗಿ ಸ್ವಲ್ಪ ಹೇಳುವೆನು. ರಾಗಿಯೆಂದರೆ ಎಷ್ಟಾದರೂ ತಿನ್ನಬಹುದೆಂದು ನಾನು ಭಾವಿಸಿದ್ದೆನು. ವೈದ್ಯರು ನಕ್ಕು, ತೆಳುವಾದ ಗಂಜಿಯು ಬೇಗನೆ ಜೀರ್ಣವಾಗಿ ಸಕ್ಕರೆಯನ್ನು ಬೇಗನೆ ಏರಿಸುವುದೆಂದೂ, ಮುದ್ದೆಯಾದರೂ ಅಳತೆಯಲ್ಲಿರಬೇಕೆಂದೂ, ಅದರೊಡನೆ ಸೊಪ್ಪು, ಹುರುಳಿ, ಕಾಳುಗಳು ಹೆಚ್ಚಾಗಿರಬೇಕೆಂದೂ ತಿಳಿಸಿದರು. ನನ್ನ ಪತ್ನಿಯು ಚಿಕ್ಕ ಮುದ್ದೆ, ದೊಡ್ಡ ಬಟ್ಟಲಿನ ಬಸ್ಸಾರು ಎಂಬ ನಿಯಮವನ್ನು ಮಾಡಿದಳು. ಎಂಟು ತಿಂಗಳಲ್ಲಿ ಆರು ಕಿಲೋಗ್ರಾಂ ತೂಕವಿಳಿಯಿತು. ಸಕ್ಕರೆಯೂ ಹತೋಟಿಗೆ ಬಂದಿತು. ಜೊತೆಯಲ್ಲಿ ಅಹಂಕಾರವೂ ಏರಿತು.

ಆ ಅಹಂಕಾರದ ಫಲವನ್ನು ಮುಚ್ಚಿಡಲಾರೆನು. ವೈಶಾಖದ ಒಂದು ಏಕಾದಶಿ. ಶಿಷ್ಯನು ಬೇಡವೆಂದರೂ ಕೇಳದೆ, ನಿರಾಹಾರನಾಗಿ, ಮಾತ್ರೆಯನ್ನು ಮಾತ್ರ ನುಂಗಿ, ಒಬ್ಬನೇ ಹನ್ನೆರಡು ಕಿಲೋಮೀಟರು ನಡೆಯಲು ಹೊರಟೆನು. ಜಕ್ಕೂರು ಕೆರೆಯ ಏರಿಯ ಮೇಲೆ ಕೈ ನಡುಗಲಾರಂಭಿಸಿತು, ಮೈಯೆಲ್ಲ ಬೆವತಿತು, ಕೆರೆಯ ನೀರೂ ಆಕಾಶವೂ ಒಂದಾದಂತೆ ತೋರಿತು. ಕುಸಿದು ಕುಳಿತೆನು. ಬಲೆಯನ್ನು ಸರಿಪಡಿಸುತ್ತಿದ್ದ ಮೀನುಗಾರನೊಬ್ಬನು ಓಡಿಬಂದು ತನ್ನ ಫ್ಲಾಸ್ಕಿನಿಂದ ಸಕ್ಕರೆ ತುಂಬಿದ ಚಹವನ್ನು ಬಗ್ಗಿಸಿ ಕೊಟ್ಟನು. ನಾನು ಏಕಾದಶಿಯೆಂದೋ ಸಕ್ಕರೆ ಕೂಡದೆಂದೋ ತೊದಲಿದೆನು. “ಸ್ವಾಮಿ, ಮೊದಲು ಕುಡೀರಿ, ಆಮೇಲೆ ಮಾತಾಡೋಣ” ಎಂದನು ಆ ಪುಣ್ಯಾತ್ಮ. ಕುಡಿದೆನು. ಕಾಲುಗಂಟೆಯಲ್ಲಿ ಲೋಕವು ತನ್ನ ಸ್ಥಾನಕ್ಕೆ ಮರಳಿತು.

ಮಧುಮೇಹಿಗೆ ಸಕ್ಕರೆ ಏರುವುದು ಮಾತ್ರವೇ ಅಪಾಯವೆಂದು ತಿಳಿದಿದ್ದೆನು. ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವನು ಉಣ್ಣದೆ ದುಡಿದರೆ ಅದು ಇಳಿದು ಪ್ರಾಣಕ್ಕೇ ಸಂಚಕಾರ ಬರಬಹುದು. ೭೦ ಮಿಲಿಗ್ರಾಂಗಿಂತ ಕೆಳಗಿಳಿದರೆ ೧೫ ಗ್ರಾಂನಷ್ಟು ಸಕ್ಕರೆಯನ್ನು ಒಡನೆ ಸೇವಿಸಿ, ೧೫ ನಿಮಿಷ ಕಳೆದು ಮತ್ತೆ ಪರೀಕ್ಷಿಸಬೇಕೆಂದು ವೈದ್ಯರು ಹೇಳಿ, ಮಾತ್ರೆಯನ್ನೂ ಬದಲಾಯಿಸಿದರು.

ಮನೆಯಲ್ಲಿ ಎರಡು ದಿನ ಈ ವಿಷಯವನ್ನು ಮರೆಮಾಚಿದ್ದೆನು. ಮೂರನೆಯ ದಿನ ಹೇಳಿದಾಗ ಪತ್ನಿಯು ಗದರಿಸಲಿಲ್ಲ. ಬೆಲ್ಲದ ನಾಲ್ಕು ಅಚ್ಚುಗಳನ್ನು ಚೀಟಿಯಲ್ಲಿ ಕಟ್ಟಿ ತಂದು ನನ್ನ ಚೀಲದಲ್ಲಿಟ್ಟಳು. “ಉಪವಾಸ ಮಾಡುವುದಾದರೆ ಮನೆಯಲ್ಲಿ ಕೂತು ಮಾಡಿ. ನಡೆಯುವುದಾದರೆ ತಿಂದು ನಡೆಯಿರಿ. ಎರಡನ್ನೂ ಒಟ್ಟಿಗೆ ಮಾಡಿ ನನ್ನನ್ನು ಹೆದರಿಸಬೇಡಿ” ಎಂದಳು. ಅವಳ ಧ್ವನಿ ನಡುಗುತ್ತಿದ್ದಿತು. ಯುಕ್ತಾಹಾರವೆಂಬ ಪದಕ್ಕೆ ತರಗತಿಯಲ್ಲಿ ಎಷ್ಟೋ ಬಾರಿ ಅರ್ಥ ಹೇಳಿದ್ದೆನು. ಅದು ನನಗೆ ತಿಳಿದುದು ಆ ದಿನ.

ಬಳಿಕ ಸುಲ್ತಾನಪೇಟೆಯ ಕಡೆಯಿಂದ ನಂದಿಬೆಟ್ಟದ ಮೆಟ್ಟಲುಗಳನ್ನು ಹತ್ತಿ ಅಭ್ಯಾಸ ಮಾಡಿದೆವು. ಸಾವಿರಕ್ಕೂ ಮಿಕ್ಕಿದ ಕಲ್ಲುಮೆಟ್ಟಲುಗಳು. ಬೆಟ್ಟದ ನೆತ್ತಿ ೧,೪೭೮ ಮೀಟರು. ಹತ್ತುವುದಕ್ಕಿಂತ ಇಳಿಯುವುದರಲ್ಲಿ ಮೊಣಕಾಲಿಗೆ ಹೆಚ್ಚಿನ ಶ್ರಮವೆಂಬುದನ್ನು ಅಲ್ಲಿ ಕಲಿತೆನು.

ಆಷಾಢದ ಆ ಸೋಮವಾರ ಭೋಗನಂದೀಶ್ವರನಿಗೆ ಕೈಮುಗಿದು ಪ್ರದಕ್ಷಿಣೆಗೆ ಹೊರಟೆವು. ತುಂತುರು ಮಳೆ, ಕೆಮ್ಮಣ್ಣು, ಮಂಜಿನಲ್ಲಿ ಅರ್ಧ ಮರೆಯಾದ ಗಿರಿಶಿಖರಗಳು. ಮಕ್ಕಳನ್ನು ಹೆಗಲಿಗೇರಿಸಿದ ತಂದೆಯರು, ಬರಿಗಾಲಿನ ಮುದುಕಿಯರು. ಭಕ್ತರು ದಾರಿಯುದ್ದಕ್ಕೂ ಪ್ರಸಾದವನ್ನು ಹಂಚುತ್ತಿದ್ದರು. ಸಿಹಿಯನ್ನು ಕಣ್ಣಿಗೊತ್ತಿಕೊಂಡು ಶಿಷ್ಯನಿಗೆ ಕೊಟ್ಟು, ಕೋಸಂಬರಿಯನ್ನು ತಿಂದೆನು. ಅರ್ಧ ದಾರಿಯಲ್ಲಿ ಕೈ ಸ್ವಲ್ಪ ನಡುಗಿತು. ಈ ಸಲ ನಾಚಿಕೆಪಡಲಿಲ್ಲ; ಬಂಡೆಯ ಮೇಲೆ ಕುಳಿತು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ಕಾಲುಗಂಟೆ ಕಾದೆನು. ನಮ್ಮನ್ನು ನೂರಾರು ಜನ ದಾಟಿ ಹೋದರು. ಐದು ಗಂಟೆಗಳ ಮೇಲೆ ಮತ್ತೆ ದೇವಾಲಯದ ಮುಂದೆ ನಿಂತಾಗ, ಚೀಲದಲ್ಲಿ ಬೆಲ್ಲದ ಮೂರು ಅಚ್ಚುಗಳು ಉಳಿದಿದ್ದುವು. ಅವನ್ನು ಮನೆಯಲ್ಲಿ ಎಣಿಸಿ ನೋಡಿದ ಪತ್ನಿಯು, “ಒಂದನ್ನಾದರೂ ತಿಂದಿರಲ್ಲ” ಎಂದು ಸಮಾಧಾನಪಟ್ಟಳು.

ನನ್ನ ವಯಸ್ಸಿನ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ನಡೆಯಿರಿ, ವೈದ್ಯರನ್ನು ಕೇಳಿ ನಡೆಯಿರಿ, ಜೇಬಿನಲ್ಲಿ ಒಂದು ಅಚ್ಚು ಬೆಲ್ಲವಿರಲಿ. ನೂರು ಯೋಜನದಲ್ಲಿ ನನಗಿನ್ನೂ ಬಹಳ ಉಳಿದಿದೆ. ಪ್ರತಿ ಶನಿವಾರ ಜಕ್ಕೂರಿನ ಏರಿಯ ಮೇಲೆ ಆ ಮೀನುಗಾರನು ಸಿಕ್ಕಿ, “ತಿಂದು ಬಂದಿರಾ ಸ್ವಾಮಿ?” ಎಂದು ಕೇಳುವನು. ತಿಂದೇ ಬಂದಿರುವೆನು.