ಗುತ್ತಲದ ಆಟದ ಬಯಲಿನಲ್ಲಿ

ಹಾವೇರಿಯಿಂದ ಮೂಡಣ ದಿಕ್ಕಿಗೆ ಹೊರಟರೆ ಬಸ್ಸಿನಲ್ಲಿ ಹೆಚ್ಚು ಕಡಿಮೆ ಒಂದು ತಾಸಿನ ದಾರಿ ಗುತ್ತಲ. ಕಳೆದ ಶ್ರಾವಣದಲ್ಲಿ ಅಲ್ಲಿಯ ಭಕ್ತರು ಪ್ರವಚನಕ್ಕೆಂದು ನಮ್ಮನ್ನು ಬರಮಾಡಿಕೊಂಡಿದ್ದರು. ದಾರಿಯ ಇಕ್ಕೆಲದ ಹೊಲಗಳಲ್ಲಿ ಗೋವಿನಜೋಳ ಆಳೆತ್ತರ ನಿಂತಿದ್ದಿತು. ನಡುನಡುವೆ ಹತ್ತಿ, ಶೇಂಗಾ. ಹಿಂದಿನ ರಾತ್ರಿ ಮಳೆಯಾಗಿದ್ದುದರಿಂದ ಎರೆಮಣ್ಣಿನ ವಾಸನೆ ಬಸ್ಸಿನ ಒಳಗೂ ತುಂಬಿಕೊಂಡಿದ್ದಿತು.

ಗುತ್ತಲ ಇಂದು ಸಂತೆಯೂ ಶಾಲೆಗಳೂ ಉಳ್ಳ ಒಂದು ಸಾಧಾರಣ ಪಟ್ಟಣ. ಆದರೆ ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇದು ಗುತ್ತವೊಳಲು. ಗುತ್ತ ಅರಸರ ರಾಜಧಾನಿ. ಕಲ್ಯಾಣದ ಚಾಲುಕ್ಯರಿಗೂ ಕಳಚುರಿಗಳಿಗೂ ಬಳಿಕ ಸೇವುಣರಿಗೂ ಮಾಂಡಲಿಕರಾಗಿದ್ದ ಈ ಅರಸರು ತಮ್ಮನ್ನು ಚಂದ್ರಗುಪ್ತನ ವಂಶದವರೆಂದೂ ಉಜ್ಜಯಿನಿಯ ಒಡೆಯರೆಂದೂ ಶಾಸನಗಳಲ್ಲಿ ಹೇಳಿಕೊಂಡಿದ್ದಾರೆ. ಇಲ್ಲಿಂದ ತುಂಗಭದ್ರೆಯ ದಡಕ್ಕೆ ಹೋದರೆ ಹರಳಹಳ್ಳಿಯ ಸೋಮೇಶ್ವರ, ವರದೆಯು ತುಂಗಭದ್ರೆಯನ್ನು ಕೂಡುವಲ್ಲಿಯ ಗಳಗನಾಥ, ರಾಣೇಬೆನ್ನೂರು ತಾಲ್ಲೂಕಿಗೆ ಸೇರಿದ ಚೌಡದಾನಪುರದ ಮುಕ್ತೇಶ್ವರ, ಹೀಗೆ ದೇವಾಲಯಗಳ ಸಾಲೇ ಇದೆ. ಚೌಡದಾನಪುರದ ಎತ್ತರದ ಶಿಲಾಶಾಸನಗಳಲ್ಲಿ ಗುತ್ತ ಅರಸರ ಕೀರ್ತಿಯೂ ಶಿವದೇವಮುನಿಯ ತಪಸ್ಸಿನ ವರ್ಣನೆಯೂ ಉಂಟು.

ಅದೇ ಚೌಡದಾನಪುರ ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆರೆತ ಊರು. ಶರಣರಲ್ಲಿ ಹೆಚ್ಚಿನವರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರು. ಈ ಅಂಬಿಗ ಮಾತ್ರ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟನು. ಆಡಿದ ಮಾತಿಗೆ ಹೊಣೆ ತಾನೇ ಎಂಬ ಗಟ್ಟಿತನ ಅದರಲ್ಲಿದೆಯೆಂದು ನಾವು ತರುಣರಿಗೆ ಪಾಠ ಹೇಳುವಾಗ ಬಹಳ ಸಲ ವಿವರಿಸಿದ್ದೇವೆ. ಆ ಪಾಠವನ್ನು ಈ ಸಲ ಗುತ್ತಲದಲ್ಲಿ ನಾವೇ ಕಲಿಯಬೇಕಾಗಿ ಬಂದಿತು. ಕಲಿಸಿದವಳು ಹದಿನೈದರ ಒಬ್ಬ ಬಾಲೆ.

ಪ್ರವಚನದ ನಾಲ್ಕನೆಯ ದಿನ ಸುತ್ತಲಿನ ಪ್ರೌಢಶಾಲೆಗಳ ಆಟೋಟದ ಸ್ಪರ್ಧೆಗಳಿದ್ದವು. ಬಹುಮಾನ ಕೊಟ್ಟು ನಾಲ್ಕು ಹಿತವಚನ ಹೇಳಬೇಕೆಂದು ಶಿಕ್ಷಕರು ಬಂದು ಕೇಳಿಕೊಂಡರು, ಒಪ್ಪಿದೆವು. ಆ ದಿನ ಬೆಳಗಿನ ಪ್ರಸಾದಕ್ಕೆ ಕುಳಿತಾಗ ಆ ಮನೆಯ ಮೊಮ್ಮಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ತರುಣ, ತನ್ನ ಚೀಲದಿಂದ ಒಂದು ಬಿಳಿಯ ತಟ್ಟೆಯನ್ನು ತೆಗೆದನು.

"ಇದೇನೋ ತಮ್ಮಾ, ಉಣ್ಣೋ ತಾಟು?" ಎಂದು ಅವನ ಅಜ್ಜಿ ನಕ್ಕರು.

"ಅಲ್ಲಬೇ ಅಮ್ಮಾ, ಫ್ರಿಸ್ಬೀ. ಇದರಾಗ ನಾವು ಮ್ಯಾಚ್ ಆಡ್ತೇವಿ" ಎಂದನು.

ಅವನು ವಿವರಿಸಿದ ಆಟದ ಹೆಸರು ಅಲ್ಟಿಮೇಟ್. ತಟ್ಟೆಯ ತೂಕ 175 ಗ್ರಾಂ. ತಂಡಕ್ಕೆ 7 ಜನ. 100 ಮೀಟರ್ ಉದ್ದ, 37 ಮೀಟರ್ ಅಗಲದ ಬಯಲು; ಎರಡೂ ತುದಿಗಳಲ್ಲಿ 18 ಮೀಟರಿನ ಪಟ್ಟಿ. ತಟ್ಟೆ ಹಿಡಿದವನು ಅದನ್ನು ಹಿಡಿದು ಓಡುವಂತಿಲ್ಲ. ಎದುರಾಳಿ ಹತ್ತು ಎಣಿಸುವುದರೊಳಗೆ ಸಂಗಡಿಗನಿಗೆ ಎಸೆಯಬೇಕು. ಹಾಗೆ ಎಸೆದು ಹಿಡಿದು ಎದುರಿನ ಪಟ್ಟಿಯಲ್ಲಿ ಹಿಡಿದರೆ ಒಂದು ಅಂಕ. ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಕೂಡಿ ಆಡುವ ಪದ್ಧತಿಯೂ ಇದೆ.

"ಮತ್ತ ಪಂಚರು ಎಷ್ಟು ಮಂದಿ?" ಎಂದು ಕೇಳಿದೆವು.

"ಪಂಚರ ಇಲ್ರಿ ಅಜ್ಜಾರ. ತಪ್ಪು ಆತಂದ್ರ ಆಡೋರ ಹೇಳಬೇಕ್ರಿ."

ನಮಗೆ ನಗೆ ಬಂದಿತು. ಕಳ್ಳನ ಕೈಗೆ ಕೀಲಿಕೈ ಕೊಟ್ಟಂತಾಯಿತಲ್ಲ ಎಂದೆವು. ಅವನು ಬೇಸರಪಡದೆ ಮುಂದುವರಿಸಿದನು. 1968ರಲ್ಲಿ ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಮೇಪಲ್‌ವುಡ್ ಎಂಬ ಊರಿನ ಕೊಲಂಬಿಯಾ ಪ್ರೌಢಶಾಲೆಯ ಹುಡುಗರು ಕಟ್ಟಿದ ಆಟವಿದು. 1970ರಲ್ಲಿ ನೆರೆಯೂರಿನ ಮಿಲ್‌ಬರ್ನ್ ಪ್ರೌಢಶಾಲೆಯೊಡನೆ ಮೊದಲ ಅಂತರಶಾಲಾ ಪಂದ್ಯ ನಡೆಯಿತು. ಇಂದು ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕೂಡ ತೀರ್ಪು ಆಟಗಾರರದೇ. ತಪ್ಪಾಯಿತೆಂದು ಒಬ್ಬನು ಹೇಳಿ ಮತ್ತೊಬ್ಬನು ಒಪ್ಪದಿದ್ದರೆ, ಇಬ್ಬರೂ ಮಾತನಾಡಿ, ಆಗಲೂ ಬಗೆಹರಿಯದಿದ್ದರೆ ತಟ್ಟೆಯನ್ನು ಎಸೆದವನಿಗೇ ಮರಳಿಸುತ್ತಾರೆ. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಒಂದಕ್ಕೊಂದು ನಡತೆಯ ಅಂಕ ಕೊಡುತ್ತವೆ. ನಿಯಮದ ತಿಳಿವು, ಮೈಮೇಲೆ ಬೀಳದಿರುವುದು, ನ್ಯಾಯಬುದ್ಧಿ, ಹಸನಾದ ಮನಸ್ಸು, ಮಾತಿನ ರೀತಿ ಎಂಬ ಐದು ಬಾಬುಗಳಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. 2015ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಆಟದ ಜಾಗತಿಕ ಒಕ್ಕೂಟಕ್ಕೆ ಪೂರ್ಣ ಮನ್ನಣೆ ನೀಡಿತು. ಬೆಂಗಳೂರು, ಚೆನ್ನೈಗಳಲ್ಲಿ ತಂಡಗಳಿವೆ.

ಎಲ್ಲವನ್ನೂ ಕೇಳಿದೆವು; ಮನಸ್ಸು ಮಾತ್ರ ನಂಬಲಿಲ್ಲ. ಹತ್ತು ಮಂದಿಯ ಕಣ್ಣಿದ್ದಾಗಲೇ ಮನುಷ್ಯನು ತಪ್ಪು ಮಾಡುತ್ತಾನೆ. ಕಾಯುವವರೇ ಇಲ್ಲದ ಆಟ ಎಷ್ಟು ದಿನ ನಡೆದೀತು ಎಂದುಕೊಂಡೆವು.

ಬಯಲಿಗೆ ಹೋದಾಗ ಬಿಸಿಲು ಏರಿದ್ದಿತು. ಸುಣ್ಣದ ಗೆರೆ ಹಾಕಿದ ಅಂಗಳಗಳು, ಒಂದೆಡೆ ಕಬಡ್ಡಿ, ಒಂದೆಡೆ ವಾಲಿಬಾಲ್, ನಡುವೆ ಖೋ ಖೋ. ಬೇಲಿಯ ಗುಂಟ ಮಿರ್ಚಿ, ಮಂಡಕ್ಕಿಯ ಗಾಡಿಗಳು. ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ, ಟಂಟಂನಲ್ಲಿ ಮಕ್ಕಳು ಬಂದಿದ್ದರು. ಕೆಲವರ ಕಾಲಲ್ಲಿ ಬೂಟುಗಳಿದ್ದವು, ಹಲವರು ಬರಿಗಾಲಿನವರು. ಇಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಪಟ್ಟಣದ ಶಾಲೆಗೆ ಇದು ಒಂದು ದಿನದ ಸಂಭ್ರಮ. ಹಳ್ಳಿಯ ಮಗುವಿಗೆ ಅದೇ ಹಾವೇರಿಯನ್ನು ಕಾಣುವ ದಾರಿ.

ಖೋ ಖೋ ನಮ್ಮ ಸೀಮೆಗೆ ಹಳೆಯ ಆಟ. ಪುಣೆಯ ಡೆಕ್ಕನ್ ಜಿಮಖಾನಾದವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದಕ್ಕೆ ನಿಯಮ ಬರೆದರು. ಎರಡು ಕಂಬಗಳ ನಡುವೆ ಎಂಟು ಜನ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖಮಾಡಿ ಕುಳಿತುಕೊಳ್ಳುವರು, ಒಂಬತ್ತನೆಯವರು ಬೆನ್ನಟ್ಟುವರು. ಎದುರು ತಂಡದವರು ಮೂವರು ಮೂವರಾಗಿ ಒಳಗಿಳಿದು ತಪ್ಪಿಸಿಕೊಂಡು ಓಡುವರು. ಬೆನ್ನಟ್ಟುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ. ಕುಳಿತವರ ಬೆನ್ನು ಮುಟ್ಟಿ ಖೋ ಎಂದು ಅವರನ್ನು ಎಬ್ಬಿಸಿ ತಾವು ಅಲ್ಲಿ ಕೂಡಬೇಕು. ಬೆಲೆಬಾಳುವ ಸಾಮಗ್ರಿ ಬೇಡದ ಈ ಆಟದ ಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದು, ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು. ಕನ್ನಡಿಗರಾದ ಎಂ.ಕೆ. ಗೌತಮ್, ಬಿ. ಚೈತ್ರಾ ಆ ತಂಡಗಳಲ್ಲಿದ್ದರು. ಚೈತ್ರಾ ಟಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯ ಹೆಣ್ಣುಮಗಳು. ಆ ಹೆಸರು ಅಂದಿನ ಬಯಲಿನ ಹುಡುಗಿಯರೆಲ್ಲರ ಬಾಯಲ್ಲಿದ್ದಿತು.

ಮಧ್ಯಾಹ್ನದ ಮೇಲೆ ಹುಡುಗಿಯರ ಖೋ ಖೋ ಅಂತಿಮ ಪಂದ್ಯ. ಒಂದು ಕಡೆ ದೊಡ್ಡ ಶಾಲೆಯ ತಂಡ, ಮತ್ತೊಂದು ಕಡೆ ನದಿಯ ಬದಿಯ ಸಣ್ಣ ಹಳ್ಳಿಯ ತಂಡ. ಕೊನೆಯ ಸರದಿಯಲ್ಲಿ ಅಂಕಗಳು ಸಮವಾದವು. ಹಳ್ಳಿಯ ತಂಡದ ಒಬ್ಬಳೇ ಓಟಗಾರ್ತಿ ಅಂಗಳದಲ್ಲಿ ಉಳಿದಿದ್ದಳು. ಸರದಿ ಮುಗಿಯಲು ಅರೆ ನಿಮಿಷವೂ ಇರಲಿಲ್ಲ. ಅಷ್ಟು ಹೊತ್ತು ತಪ್ಪಿಸಿಕೊಂಡರೆ ಸೋಲಿಲ್ಲ. ಮೀನಿನಂತೆ ನುಸುಳುತ್ತ ಆಕೆ ಕಂಬದ ಬಳಿ ತಿರುಗಿದಳು. ಬೆನ್ನಟ್ಟಿದವಳು ಮೈಚೆಲ್ಲಿ ಕೈನೀಡಿ ಬಿದ್ದಳು. ಧೂಳೆದ್ದಿತು. ಪಂಚರ ಸೀಟಿ ಮೊಳಗಲಿಲ್ಲ. ಬಿದ್ದವಳು ಕೂಡ ಮುಟ್ಟಿದೆನೆಂದು ಕೂಗಲಿಲ್ಲ. ಅವಳಿಗೂ ಖಾತ್ರಿ ಇರಲಿಲ್ಲವೆಂದು ತೋರುತ್ತದೆ. ನೆರೆದವರೆಲ್ಲ ತಪ್ಪಿಸಿಕೊಂಡಳೆಂದು ಕೇಕೆ ಹಾಕಿದರು.

ಓಟಗಾರ್ತಿ ನಿಂತಳು. ಒಂದು ಗಳಿಗೆ ತನ್ನವರ ಕಡೆ ನೋಡಿದಳು. ಆಮೇಲೆ ಕೈಯೆತ್ತಿ, ಸುಣ್ಣದ ಗೆರೆ ದಾಟಿ ಹೊರಗೆ ನಡೆದಳು. ಗೆರೆ ದಾಟಿದ ಓಟಗಾರ್ತಿ ನಿಯಮದಂತೆ ಔಟ್. ಪಂಚರು ಸೀಟಿ ಊದಲೇಬೇಕಾಯಿತು. ಒಂದು ಅಂಕದಿಂದ ಹಳ್ಳಿಯ ತಂಡ ಸೋತಿತು.

ಬಯಲು ಒಮ್ಮೆಲೇ ಸ್ತಬ್ಧವಾಯಿತು. ಬಳಿಕ ಗದ್ದಲ. ಅವಳ ಗೆಳತಿಯರು ಅಳತೊಡಗಿದರು. ಒಬ್ಬಳಂತೂ ಅವಳ ಮುಖ ನೋಡದೆ ತಿರುಗಿ ಕುಳಿತಳು. ನಾವು ಆಕೆಯನ್ನು ಹತ್ತಿರ ಕರೆದು ಏನಾಯಿತವ್ವಾ ಎಂದು ಕೇಳಿದೆವು.

"ಅಂಗಿಗೆ ಬಳ್ಳ ತಾಕಿತ್ರಿ ಅಜ್ಜಾರ" ಎಂದಳು. ಅಷ್ಟೇ. ಅವಳ ತುಟಿ ನಡುಗುತ್ತಿದ್ದವು.

ಅವಳ ಶಾಲೆಯ ದೈಹಿಕ ಶಿಕ್ಷಕರು ಸಜ್ಜನರು. ಅವಳಿಗೆ ಒಂದು ಬಿರುನುಡಿಯನ್ನೂ ಆಡಲಿಲ್ಲ. ಆದರೆ ನಮ್ಮ ಬಳಿ ಕುಳಿತು ಮೆಲ್ಲನೆ ಹೇಳಿದರು: "ನೀವು ಈಗ ವೇದಿಕೆ ಮ್ಯಾಲೆ ಆಕೀನ ಹೊಗಳ್ತೀರಿ ಅಜ್ಜಾರ. ಹೊಗಳಬೇಕು ಖರೆ. ಆದರ ಮೂರು ತಿಂಗಳಿಂದ ಹನ್ನೆರಡು ಹುಡುಗ್ಯಾರನ್ನ ಹೊಲದ ಕೆಲಸಕ್ಕ ಬಿಡದಂಗ ಅವರ ಮನಿ ಮುಂದ ನಿಂತು ಕರಕೊಂಡು ಬಂದೀನ್ರಿ. ತಾಲೂಕಿಗೆ ಹೋಗತಾರಂತ ಹೇಳಿ ಕರಕೊಂಡು ಬಂದೀನಿ. ನಾಳೆ ಆ ಮನಿಯವರಿಗೆ ಏನ ಹೇಳಲಿ?"

ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಸತ್ಯದ ಬೆಲೆಯನ್ನು ಹೇಳಿದವಳೊಬ್ಬಳೇ ತೆರುವುದಿಲ್ಲ. ಅವಳ ಜೊತೆಗೆ ನಿಂತ ಹನ್ನೊಂದು ಮಂದಿಯೂ ತೆರುತ್ತಾರೆ. ಅದನ್ನು ಮರೆತು ಸತ್ಯವನ್ನು ಕೊಂಡಾಡುವುದು ಸುಲಭ. ನಾವು ಸಿದ್ಧಪಡಿಸಿಕೊಂಡು ಹೋದ ಭಾಷಣದಲ್ಲಿ ಅಂಥ ಕೊಂಡಾಟವೇ ತುಂಬಿದ್ದಿತು. ವೇದಿಕೆ ಹತ್ತಿದಾಗ ಅದು ನಾಲಗೆಗೆ ಬರಲೇ ಇಲ್ಲ. ಐವತ್ತು ವರುಷಗಳಿಂದ ಯಾರಿಗೂ ಹೇಳದ ಒಂದು ಸಂಗತಿಯನ್ನು ಆ ಮಕ್ಕಳ ಮುಂದೆ ಹೇಳಿದೆವು. ವಾಚಕ ಬಂಧುಗಳಿಗೂ ಅದನ್ನೇ ನಿವೇದಿಸುತ್ತೇವೆ.

ನಾವು ಆಗ ಮಠದ ಪ್ರಸಾದ ನಿಲಯದಲ್ಲಿದ್ದುಕೊಂಡು ಪ್ರೌಢಶಾಲೆಯಲ್ಲಿ ಓದುತ್ತಿದ್ದೆವು. ಶಾಲೆಗಳ ನಡುವೆ ಹುತುತು ಪಂದ್ಯ. ಇಂದು ಕಬಡ್ಡಿ ಎನ್ನುವರು. ರಾಣೇಬೆನ್ನೂರು ಕಡೆಯ ಹುಡುಗನೊಬ್ಬ ನಮ್ಮ ಅಂಗಳಕ್ಕೆ ನುಗ್ಗಿ, ನಮ್ಮ ಹಿಮ್ಮಡಿಗೆ ಬೆರಳು ತಾಕಿಸಿ, ಉಸಿರು ಬಿಡದೆ ಮರಳಿದನು. ಮುಟ್ಟಿದೆನೆಂದನು. ಪಂಚರಾಗಿದ್ದ ಮಾಸ್ತರರಿಗೆ ಕಂಡಿರಲಿಲ್ಲ. ಅವರು ನಮ್ಮನ್ನೇ ಕೇಳಿದರು. ಇಲ್ಲರಿ ಎಂದೆವು. ನಮ್ಮ ಹಣೆಯ ಮೇಲೆ ವಿಭೂತಿ ಇದ್ದಿತು. ಮಠದ ಹುಡುಗ ಸುಳ್ಳು ಹೇಳಲಾರನೆಂದು ಮಾಸ್ತರರು ನಮ್ಮ ಮಾತನ್ನು ಹಿಡಿದರು. ಆ ಹುಡುಗನನ್ನು ಎಲ್ಲರ ಮುಂದೆ ಸುಳ್ಳನೆಂದು ಗದರಿಸಿ ಕಿವಿ ಹಿಂಡಿದರು. ನಾವು ಗೆದ್ದೆವು. ಅಂದು ರಾತ್ರಿ ಪಂಕ್ತಿಯಲ್ಲಿ ನಮಗೆ ಎರಡು ಹೋಳಿಗೆ ಹೆಚ್ಚಾಗಿ ಬಡಿಸಿದರು.

ಆಟದ ಸುಳ್ಳು ದೊಡ್ಡದಲ್ಲವೆಂದು ಬಹುಕಾಲ ಸಮಾಧಾನ ಮಾಡಿಕೊಂಡೆವು. ಆದರೆ ಶಾಸ್ತ್ರ ಓದಿದಷ್ಟೂ ಆ ಹುಡುಗನ ಕೆಂಪಾದ ಕಿವಿ ಹೆಚ್ಚು ಹೆಚ್ಚು ಕಾಣತೊಡಗಿತು. ಪಂಚರ ಕಣ್ಣು ತಪ್ಪಿಸಿದ್ದು ನಮ್ಮ ಚಾತುರ್ಯವಲ್ಲ. ಅವರು ಕಣ್ಣನ್ನು ಬಿಟ್ಟು ನಮ್ಮ ಮಾತನ್ನೇ ನಂಬಿದ್ದರು. ಬೆಳಗ್ಗೆ ಆ ತರುಣನ ಆಟವನ್ನು ನಾವು ನಕ್ಕದ್ದು ಏಕೆಂಬುದು ಆಗ ಹೊಳೆಯಿತು. ಕಾಯುವವರಿಲ್ಲದೆ ಮನುಷ್ಯನು ನಿಜ ಹೇಳಲಾರನೆಂಬ ಗುಮಾನಿ ನಮಗೆ ಲೋಕವನ್ನು ನೋಡಿ ಬಂದುದಲ್ಲ; ನಮ್ಮನ್ನು ನಾವು ಬಲ್ಲುದರಿಂದ ಬಂದುದು.

ಇಷ್ಟನ್ನು ಹೇಳಿ, ಆ ಬಾಲೆಗೂ ಅವಳ ಹನ್ನೊಂದು ಗೆಳತಿಯರಿಗೂ ಕೂಡಿಯೇ ಶರಣು ಮಾಡಿ ಕುಳಿತೆವು. ಅವಳನ್ನು ಬೇರೆಯಾಗಿ ಹೊಗಳಲಿಲ್ಲ. ಶಿಕ್ಷಕರು ತಲೆಯಾಡಿಸಿದರು.

ಬಿಸಿಲು ಇಳಿದ ಮೇಲೆ ಆ ತರುಣ ತನ್ನ ತಟ್ಟೆಯನ್ನು ಬಯಲಿಗೆ ತಂದನು. ಮೊದಲು ಹುಡುಗರು ಎಸೆದರು. ಗಾಳಿಗೆ ಅದು ಗೋವಿನಜೋಳದ ಹೊಲಕ್ಕೆ ಹಾರಿ ಎರಡು ಸಲ ಕಳೆದುಹೋಯಿತು. ಬರಬರುತ್ತ ಗೆದ್ದ ಶಾಲೆಯವರೂ ಸೋತ ಶಾಲೆಯವರೂ ಬೆರೆತರು. ಮುಖ ತಿರುಗಿಸಿ ಕುಳಿತಿದ್ದ ಗೆಳತಿ ಎಸೆದ ತಟ್ಟೆಯನ್ನು ಆ ಓಟಗಾರ್ತಿ ಹಿಡಿದಳು. ಅದು ನೆಲಕ್ಕೆ ತಾಗಿತೋ ಇಲ್ಲವೋ ಎಂದು ಹುಡುಗನೊಬ್ಬ ಕೇಳಿದಾಗ ಎಲ್ಲರೂ ಅವಳ ಕಡೆಗೇ ನೋಡಿದರು. ತಾಗಿಲ್ಲವೆಂದಳು. ಮತ್ತೆ ಯಾರೂ ಕೇಳಲಿಲ್ಲ. ಅಂಗಳದಲ್ಲಿ ಕಳೆದುಕೊಂಡ ಅಂಕಕ್ಕೆ ಅವಳಿಗೆ ದೊರೆತ ಪ್ರತಿಫಲ ಅದೊಂದೇ. ಸಣ್ಣದೆಂದು ನಮಗೆ ತೋರಲಿಲ್ಲ.

ಅಂದಿನ ಪ್ರವಚನವನ್ನು ಅಂಬಿಗರ ಚೌಡಯ್ಯನವರ ಅಂಕಿತದಿಂದಲೇ ಆರಂಭಿಸಿದೆವು.

ಈ ಪತ್ರಿಕೆ ರಾಣೇಬೆನ್ನೂರು ಸೀಮೆಯ ಅನೇಕ ಮನೆಗಳಿಗೆ ಹೋಗುತ್ತದೆ. ಆ ಹುಡುಗನ ಹೆಸರು ನಮಗೆ ನೆನಪಿದೆ. ಅವನ ಅಪ್ಪಣೆಯಿಲ್ಲದೆ ಅಚ್ಚು ಹಾಕಿಸುವುದು ತರವಲ್ಲ. ಈ ಬರೆಹ ಅವನ ಮನೆಯನ್ನು ತಲುಪಿದರೆ ಅವನ ಮಕ್ಕಳೂ ಮೊಮ್ಮಕ್ಕಳೂ ಒಂದು ಮಾತು ತಿಳಿದಿರಲಿ. ಅಂದು ಅವನು ಮುಟ್ಟಿದ್ದನು. ಸುಳ್ಳು ಹೇಳಿದವರು ನಾವು.